ಬೆಟ್ಟಕ್ಕಿಟ್ಟ ಎಡೆ

ನಮ್ಮ ಮನೆಯಲ್ಲಿ ಮೊದಲ ತುತ್ತು ಬೆಟ್ಟಕ್ಕೆ. ಮಧ್ಯಾಹ್ನ ಮುದ್ದೆ ಕಟ್ಟಿ ಮುಗಿದೊಡನೆ ಚಿಕ್ಕಮ್ಮ ಅದರಲ್ಲೊಂದು ಚೂರು ಮುರಿದು ಮುತ್ತುಗದ ಎಲೆಯ ಮೇಲಿಟ್ಟು, ಒಂದು ಸೌಟು ಸಾರು ಬಿಟ್ಟು, ಹಿತ್ತಿಲಿನ ಗಿಡ್ಡ ಗೋಡೆಯ ಮೇಲೆ ಇಟ್ಟು ಬರುತ್ತಿದ್ದಳು. ಅವಳು ಕೈ ತೊಳೆದು ಒಳಗೆ ಬಂದ ಮೇಲೆಯೇ ನಮಗೆಲ್ಲ ತಟ್ಟೆ. ಅಪ್ಪ ಸಂತೆಗೆ ಹೊರಟು ನಿಂತಿದ್ದರೂ, ಶಾಲೆಯ ಗಂಟೆ ಹೊಡೆದಿದ್ದರೂ ಈ ಕ್ರಮ ತಪ್ಪುತ್ತಿರಲಿಲ್ಲ. ಬೇರೆ ಯಾರೂ ಆ ಎಲೆಯನ್ನು ಮುಟ್ಟುವ ಹಾಗಿರಲಿಲ್ಲ. ಜ್ವರ ಬಂದ ದಿನವೂ ಚಿಕ್ಕಮ್ಮ ಕಂಬಳಿ ಹೊದ್ದು, ಬಾಗಿಲು ಹಿಡಿದುಕೊಂಡು ಹೋಗಿ ಇಟ್ಟು ಬಂದದ್ದು ನನಗೆ ನೆನಪಿದೆ. ಇಟ್ಟ ಮೇಲೆ ಕಾಗೆ ಬಂತೋ ಇಲ್ಲವೋ ಎಂದು ಅವಳು ನೋಡುತ್ತಿರಲಿಲ್ಲ. ತಲೆ ಎತ್ತಿ ಬೆಟ್ಟದ ಕಡೆ ನೋಡುತ್ತ ಸ್ವಲ್ಪ ಹೊತ್ತು ನಿಂತು, ಆ ಕಡೆಯಿಂದ ಯಾರೋ ಹೂಂ ಅಂದರು ಎಂಬಂತೆ ತಿರುಗಿ ಬರುತ್ತಿದ್ದಳು. ನನ್ನ ಜೊತೆ ಶಾಲೆಯಿಂದ ಬಂದಿದ್ದ ಗೆಳತಿಯೊಬ್ಬಳು ಒಮ್ಮೆ ಇದನ್ನು ಕಂಡು, ಅದು ಯಾರಿಗೆ ಎಂದು ಕೇಳಿದಳು. ನಮ್ಮ ಚಿಕ್ಕಪ್ಪನಿಗೆ, ಸತ್ತು ಎರಡು ವರ್ಷ ಆಯಿತು ಎಂದೆ. ಅವಳು ಮತ್ತೆ ನಮ್ಮ ಮನೆಗೆ ಆಡಲು ಬರಲಿಲ್ಲ.

ನಮ್ಮ ಮನೆಯ ಮುಖ ತೋಟಕ್ಕೆ, ಬೆನ್ನು ಬೆಟ್ಟಕ್ಕೆ. ಮುಂದಿನ ಜಗಲಿಯಲ್ಲಿ ಕೂತರೆ ಕಣ್ಣು ಹಾಯಿಸಿದಷ್ಟೂ ತೆಂಗು. ಹಿತ್ತಿಲ ಬಾಗಿಲು ತೆಗೆದರೆ ಎರಡು ಹೊಲ, ಒಂದು ಹಳ್ಳ, ಅದರಾಚೆ ಕಾಡು ಹೊತ್ತುಕೊಂಡು ನಿಂತ ಬೆಟ್ಟ. ಬೆಟ್ಟದ ನೆತ್ತಿಯ ಮೇಲೆ ಕಲ್ಲಿನ ಬತೇರಿ, ಅಂದರೆ ದುಂಡಗಿನ ಹಳೆಯ ಕಾವಲು ಗೋಪುರ. ನಮ್ಮ ಹಿತ್ತಿಲಿನಿಂದ ನೋಡಿದರೆ ಅದು ಮಗುಚಿಟ್ಟ ಸೇರಿನಷ್ಟು ಕಾಣುತ್ತಿತ್ತು. ಪಾಳೇಗಾರರು ಶತ್ರುಗಳ ದಂಡು ಬರುವುದನ್ನು ನೋಡಲು ಕಟ್ಟಿಸಿದ್ದು ಎಂದು ಅಪ್ಪ ಹೇಳುತ್ತಿದ್ದ. ಬಿಳಿಯರು ದುರ್ಬೀನು ಇಟ್ಟು ಭೂಮಿ ಅಳೆಯಲು ಕಟ್ಟಿಸಿದ್ದು ಎಂದು ಶಾಲೆಯ ಮೇಷ್ಟ್ರು. ಅಜ್ಜಿಯ ಪ್ರಕಾರ ಅದನ್ನು ಯಾರೂ ಕಟ್ಟಿರಲಿಲ್ಲ, ಮೊದಲಿನಿಂದಲೂ ಇತ್ತು. ಈ ಮೂವರ ಮಾತನ್ನೂ ನಾನು ಒಂದೊಂದು ದಿನ ಒಂದೊಂದು ಎಂದು ನಂಬುತ್ತಿದ್ದೆ. ನಮ್ಮೂರ ಹೆಂಗಸರು ಅಲ್ಲಿಗೆ ಹೋಗುವ ರೂಢಿ ಇರಲಿಲ್ಲ, ಯಾಕೆ ಎಂದು ಯಾರೂ ಕೇಳುತ್ತಲೂ ಇರಲಿಲ್ಲ.

ಮನೆಯ ಒಳಗೆ ಎಲ್ಲಕ್ಕಿಂತ ದೊಡ್ಡ ಜಾಗ ನಮ್ಮದಲ್ಲ, ಕಾಯಿಯದು. ನಡುಮನೆಯ ನೆತ್ತಿಯ ಮೇಲೆ, ಅಡುಗೆಮನೆಯವರೆಗೂ ಚಾಚಿಕೊಂಡ ಅಟ್ಟ. ಅದರ ತುಂಬ ಸಿಪ್ಪೆ ಬಿಡಿಸದ ತೆಂಗಿನಕಾಯಿ. ಹತ್ತು ಹನ್ನೊಂದು ತಿಂಗಳು ಅವು ಅಲ್ಲೇ ಕೂತು, ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗಬೇಕು. ಅಟ್ಟ ತುಂಬಿದ ದಿನ ಅಜ್ಜಿ ಏಣಿಗೆ ವಿಭೂತಿ ಹಚ್ಚಿ, ಕೈಮುಗಿದು, ಆ ಏಣಿಯನ್ನೇ ಹೊರಗೆ ಕೊಟ್ಟಿಗೆಗೆ ಸಾಗಿಸಿಬಿಡುತ್ತಿದ್ದಳು. ಅಲ್ಲಿಂದಾಚೆ ಕಾಯಿ ಕೆಳಗಿಳಿಸುವ ತನಕ ಯಾರೂ ಹತ್ತುವ ಹಾಗಿಲ್ಲ. ನಡುವೆ ಕೈಯಿಟ್ಟು ಕದಲಿಸಿದರೆ ರಾಶಿಗೆ ರಾಶಿಯೇ ಕೊಳೆಯುತ್ತದೆ ಎಂಬುದು ಅವಳ ನಂಬಿಕೆ, ಅದೇ ಮನೆಯ ಕಾನೂನು. ಬೇಸಗೆಯ ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ಅಟ್ಟದಲ್ಲಿ ಎಲ್ಲೋ ಒಂದು ಕಾಯಿ ಟಕ್ ಎನ್ನುವುದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು ಮೂಲೆಯಲ್ಲಿ ಇನ್ನೊಂದು. ನಾನು ಹೆದರಿ ಚಿಕ್ಕಮ್ಮನ ಸೆರಗಿನೊಳಗೆ ತೂರಿಕೊಳ್ಳುತ್ತಿದ್ದೆ. ಚಿಕ್ಕಪ್ಪ ಇದ್ದಾಗ ನಗುತ್ತ ಸಮಾಧಾನ ಹೇಳುತ್ತಿದ್ದ.

"ಅದು ದೆವ್ವ ಅಲ್ಲ ಕಣೇ ಗಿರಿಜಿ. ಕಾಯಿ ಚಿಪ್ಪನ್ನ ಬುಟ್ಕೊಡ್ತಾ ಐತೆ, ಅಷ್ಟೆ. ಬುಡೋವಾಗ ಎಲ್ರೂ ಒಂದು ಮಾತಾಡ್ತಾರೆ."

ಚಿಕ್ಕಪ್ಪ ಅಪ್ಪನ ತಮ್ಮ. ತೆಳ್ಳಗೆ, ಉದ್ದಕ್ಕೆ, ಮನೆಯ ಯಾವ ಬಾಗಿಲಲ್ಲೂ ತಲೆ ತಗ್ಗಿಸದೆ ಬಂದವನಲ್ಲ. ಶಿವರಾತ್ರಿ ಕಳೆದ ಮೇಲೆ ಮೊದಲ ಮಳೆ ಬೀಳುವ ತನಕ ಅವನಿಗೆ ಬತೇರಿಯಲ್ಲಿ ಬೆಂಕಿ ಕಾವಲಿನ ಕೆಲಸ. ಒಣಗಿದ ಬಾದೆ ಹುಲ್ಲಿಗೆ ಎಲ್ಲಾದರೂ ಕಿಡಿ ಬಿದ್ದು ಹೊಗೆ ಎದ್ದರೆ ಮೇಲಿಂದ ತಗಡಿನ ಡಬ್ಬ ಬಡಿದು ಊರಿಗೆ ತಿಳಿಸಬೇಕು. ಬೆಳಗ್ಗೆ ಹೆಂಚಿನಿಂದ ಎದ್ದ ಮೊದಲ ರೊಟ್ಟಿ ಅವನ ಬುತ್ತಿಗೆ ಹೋಗುತ್ತಿತ್ತು. ಮೊದಲ ತುತ್ತು ಬೆಟ್ಟಕ್ಕೆ ಎಂಬ ಪದ್ಧತಿ ಹುಟ್ಟಿದ್ದು ಹಾಗೆ. ಸಂಜೆ ಇಳಿದು ಬಂದವನು ನನ್ನನ್ನು ಕೂರಿಸಿಕೊಂಡು ಇಡೀ ದಿನದ ವರದಿ ಒಪ್ಪಿಸುತ್ತಿದ್ದ. ಯಾರ ಮನೆಯಲ್ಲಿ ಹೊತ್ತಾಗಿ ಒಲೆ ಹಚ್ಚಿದರು, ಯಾರ ಎಮ್ಮೆ ಯಾರ ಹೊಲಕ್ಕೆ ನುಗ್ಗಿತು, ಎಲ್ಲ.

"ನಿಮ್ಮಜ್ಜಿ ಇವತ್ತು ಹಿತ್ತಿಲಲ್ಲಿ ನಿಂತ್ಕಂಡು ಯಾರಿಗೆ ಬೈತಿದ್ಲು ಅಂತಾನೂ ನಂಗೊತ್ತು. ಮೇಲಿಂದ ಎಲ್ಲಾ ಕಾಣ್ತದೆ" ಎನ್ನುತ್ತಿದ್ದ.

ನಾನು ಅದನ್ನು ತಮಾಷೆ ಎಂದುಕೊಂಡಿದ್ದೆ. ಆ ಮನುಷ್ಯ ದಿನಕ್ಕೆ ಹತ್ತು ಸುಳ್ಳು ಹೇಳಿ ನಗಿಸುವವನು, ಇದು ಹನ್ನೊಂದನೆಯದು ಅಂದುಕೊಂಡೆ.

ಅವನನ್ನು ಬೆಟ್ಟದಿಂದ ಕರೆಸಿಕೊಳ್ಳಲು ನಮ್ಮ ಮನೆಯಲ್ಲಿ ಒಂದು ಉಪಾಯ ಇತ್ತು. ಹಿತ್ತಿಲಲ್ಲಿ ಸ್ನಾನದ ನೀರು ಕಾಯಿಸುವ ಹಂಡೆ ಒಲೆ. ದಿನವೂ ಅದಕ್ಕೆ ಹಾಕುತ್ತಿದ್ದದ್ದು ಒಣಗಿದ ತೆಂಗಿನ ಮಟ್ಟೆ. ಅದು ಚೆನ್ನಾಗಿ ಉರಿಯುತ್ತದೆ, ಹೊಗೆ ಕಡಿಮೆ. ಆ ಉರಿಯ ಮೇಲೆ ತೆಂಗಿನ ಹಸಿ ಗರಿ ಹಾಕಿದರೆ ಬಿಳಿಯ ದಟ್ಟ ಹೊಗೆ ನೇರ ಮೇಲಕ್ಕೆ ಏಳುತ್ತದೆ. ಹಸಿ ಗರಿಯ ಹೊಗೆ ಎದ್ದರೆ ಮನೆಯಲ್ಲಿ ಏನೋ ಆಗಿದೆ, ತಕ್ಷಣ ಇಳಿದು ಬಾ ಎಂದು ಅರ್ಥ. ಹಾಕುವ ಅಧಿಕಾರ ಅಜ್ಜಿಗೆ ಮಾತ್ರ. ನನಗೆ ತಿಳಿದಂತೆ ಅವಳು ಅದನ್ನು ಎರಡೇ ಸಲ ಹಾಕಿದ್ದಳು, ಹಸುವಿನ ಹೊಟ್ಟೆಯಲ್ಲಿ ಕರು ಅಡ್ಡ ತಿರುಗಿದಾಗ ಒಮ್ಮೆ, ತನಗೇ ಎದೆನೋವು ಬಂದಾಗ ಒಮ್ಮೆ. ಎರಡು ಸಲವೂ ಚಿಕ್ಕಪ್ಪ ನಾವು ಅಂದುಕೊಂಡದ್ದಕ್ಕಿಂತ ಬೇಗ ಬಂದು ನಿಂತಿದ್ದ. ಸುತ್ತಿನ ಕಾಲುದಾರಿ ಬಿಟ್ಟು ಕಡಿದಾದ ಜಾರುಬಂಡೆಯ ಮೇಲಿಂದ ಇಳಿಯುತ್ತಾನೆ ಎಂದು ಅಜ್ಜಿ ಬೈದದ್ದೂ ಆಗಿತ್ತು. ಹುಡುಗರ ಆಟದ ಸಾಮಾನಿನ ಹತ್ತಿರ ಕೂಡ ಹಸಿ ಗರಿ ತರಬಾರದು ಎಂದು ನಮಗೆ ಕಟ್ಟಪ್ಪಣೆ ಇತ್ತು.

ನನಗೆ ಎಂಟು ವರ್ಷವಾಗಿದ್ದ ಬೇಸಗೆಯಲ್ಲಿ ನಾಲಿಗೆ ಚಪಲ ಒಂದು ಹತ್ತಿತು. ಅಟ್ಟದಲ್ಲಿ ಅರ್ಧ ಒಣಗಿದ ಕಾಯಿಯ ತಿರುಳು ಎಳನೀರಿನ ಗಂಜಿಗಿಂತ, ಕೊಬ್ಬರಿಗಿಂತ ಸಿಹಿ ಎಂದು ಯಾರೋ ಹೇಳಿದ್ದರು. ನಾನು ಮೂರು ದಿನ ಚಿಕ್ಕಮ್ಮನ ಹಿಂದೆ ಬಿದ್ದು ಪೀಡಿಸಿದೆ. ಚಿಕ್ಕಮ್ಮನಿಗೆ ಮದುವೆಯಾಗಿ ಆರು ವರ್ಷವಾಗಿದ್ದರೂ ಮಕ್ಕಳಿರಲಿಲ್ಲ. ನಾನು ಮಲಗುತ್ತಿದ್ದದ್ದೂ ಅವಳ ಪಕ್ಕದಲ್ಲೇ, ನನ್ನ ಹಟ ನಡೆಯುತ್ತಿದ್ದದ್ದೂ ಅವಳ ಹತ್ತಿರವೇ. ನಾಲ್ಕನೆಯ ದಿನ ಅವಳು ಕೊಟ್ಟಿಗೆಯಿಂದ ಏಣಿ ತಂದು ಹತ್ತಿ, ಒಂದೇ ಒಂದು ಕಾಯಿ ತೆಗೆದು, ಸುಲಿದು ಒಡೆದು ನನ್ನ ಕೈಗೆ ಕೊಟ್ಟಳು. ತಿರುಳು ರಬ್ಬರಿನಂತೆ ಬಾಗುತ್ತಿತ್ತು, ನಿಜಕ್ಕೂ ಸಿಹಿಯಾಗಿತ್ತು. ಅರ್ಧ ತಿನ್ನುವಷ್ಟರಲ್ಲಿ ಅವ್ವ ಬಂದಳು. ಏಣಿ ಇನ್ನೂ ಗೋಡೆಗೆ ಒರಗಿತ್ತು. ನಾನು ಹೋಳನ್ನು ಲಂಗದೊಳಗೆ ಬಚ್ಚಿಟ್ಟುಕೊಂಡೆ. ಚಿಕ್ಕಮ್ಮ ತನಗೇ ತಿನ್ನಬೇಕು ಅನಿಸಿತು, ತೆಗೆದೆ ಎಂದು ಹೇಳಿಬಿಟ್ಟಳು. ನಾನು ಬಾಯಿ ಬಿಡಲಿಲ್ಲ. ಮಾತಿಗೆ ಮಾತು ಬೆಳೆಯಿತು. ಅಜ್ಜಿ ಗೋಡೆಗೆ ಮುಖ ಮಾಡಿ ಮಲಗಿದ್ದವಳು ಏಳಲೇ ಇಲ್ಲ. ಕೊನೆಗೆ ಅವ್ವ ಒಂದು ಮಾತು ಆಡಿದಳು.

"ಹೊಟ್ಟೇಲಿ ಒಂದು ಹುಟ್ಟಿದ್ರೆ ಗೊತ್ತಾಗ್ತಿತ್ತು, ನಾಳೆಗೆ ಎತ್ತಿಡೋದು ಅಂದ್ರೆ ಏನು ಅಂತ. ನಿಂಗೇನು ಬುಡು."

ಅವ್ವ ಕೆಟ್ಟವಳಲ್ಲ. ಆ ಮಾತಿಗೆ ಅವಳು ಸಾಯುವ ತನಕ ಪಶ್ಚಾತ್ತಾಪ ಪಟ್ಟದ್ದನ್ನು ನಾನು ಬಲ್ಲೆ. ಆದರೆ ಆಡಿದ್ದು ಆಡಿಯಾಗಿತ್ತು. ಚಿಕ್ಕಮ್ಮ ಒಳಗೆ ಹೋಗಿ ಟ್ರಂಕಿಗೆ ಎರಡು ಸೀರೆ ಹಾಕಿ, ಮದುವೆಯ ಕೆಂಪು ಸೀರೆ ಉಟ್ಟು ಹೊರಬಂದಳು. ಅವಳ ತವರು ಅಮ್ಮಸಂದ್ರದ ಕಡೆಯ ಹಳ್ಳಿ. ಕೆರೆ ಏರಿ ದಾಟಿ ರಸ್ತೆಗೆ ಹೋಗಿ, ಕಿಬ್ಬನಹಳ್ಳಿಯಲ್ಲಿ ಬಸ್ಸು ಬದಲಿಸಬೇಕು. ಅವ್ವ ಅಡುಗೆಮನೆಯಲ್ಲಿ ಅಳುತ್ತ ಕೂತಳು. ಅಪ್ಪ ಚಿಕ್ಕನಾಯಕನಹಳ್ಳಿಗೆ ಹೋಗಿದ್ದ. ಚಿಕ್ಕಮ್ಮ ಟ್ರಂಕು ಹಿಡಿದು ತೋಟದ ದಾರಿಯಲ್ಲಿ ಮರೆಯಾಗುವುದನ್ನು ನೋಡಿದವಳು ನಾನೊಬ್ಬಳೇ.

ಅವಳನ್ನು ತಡೆಯಬಲ್ಲವನು ಒಬ್ಬನೇ, ಅವನು ಬೆಟ್ಟದ ಮೇಲಿದ್ದ. ನಾನು ಹಿತ್ತಿಲಿಗೆ ಓಡಿದೆ. ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ನನ್ನೆತ್ತರದ ಒಂದು ತೆಂಗಿನ ಸಸಿ ಇತ್ತು. ಅದರ ಗರಿಗಳನ್ನು ಜೋತುಬಿದ್ದು ಕಿತ್ತು ಹಂಡೆ ಒಲೆಯ ಕೆಂಡದ ಮೇಲೆ ಹಾಕಿದೆ. ಹೊಗೆ ಎದ್ದಿತು. ಗಾಳಿ ಇರಲಿಲ್ಲ, ಅದು ನೇರವಾಗಿ ಮೇಲೆ ಹೋಯಿತು. ನಾನು ಒಲೆಯ ಪಕ್ಕ ನಿಂತು ಬೆಟ್ಟವನ್ನೇ ನೋಡಿದೆ. ಹೊಗೆಯ ಜೊತೆ ಎರಡೂ ಕೈ ಎತ್ತಿ ಆಡಿಸಿದ್ದೂ ನೆನಪಿದೆ, ಮಕ್ಕಳ ಬುದ್ಧಿ. ಸ್ವಲ್ಪ ಹೊತ್ತಿನ ಮೇಲೆ ಮುಂದಿನ ಜಗಲಿಯಲ್ಲಿ ಟ್ರಂಕು ಇಟ್ಟ ಸದ್ದಾಯಿತು. ಓಡಿ ಹೋಗಿ ಇಣುಕಿದರೆ ಚಿಕ್ಕಮ್ಮ. ಕೆರೆ ಏರಿಯ ತನಕ ಹೋಗಿ ತಿರುಗಿ ಬಂದಿದ್ದಳು. ನನಗೆ ಹೋದ ಜೀವ ಬಂದಂತಾಯಿತು. ಮರುಕ್ಷಣವೇ ಒಲೆ ನೆನಪಾಯಿತು. ಅಜ್ಜಿಯ ಹೊಗೆಯನ್ನು ನಾನು ಹಾಕಿದ್ದೆ. ಹಿತ್ತಿಲಿಗೆ ಓಡಿ ಹಂಡೆಯಿಂದ ಚೊಂಬಿನ ಮೇಲೆ ಚೊಂಬು ನೀರು ಸುರಿದು ಆರಿಸಿದೆ. ಹೊಗೆ ಒಮ್ಮೆಗೇ ನಿಂತುಹೋಯಿತು. ದೊಡ್ಡವಳಾದ ಮೇಲೆ ನನ್ನನ್ನು ಅತಿ ಹೆಚ್ಚು ಕಾಡಿದ್ದು ಇದು. ಎದ್ದ ಹೊಗೆ ಹಾಗೆ ಥಟ್ಟನೆ ನಿಂತರೆ ಮೇಲಿದ್ದವನು ಏನೆಂದುಕೊಂಡಿರಬೇಕು?

ಅವನನ್ನು ಸಂಜೆ ಕುರಿ ಕಾಯುವವರು ಕಂಬಳಿಯ ಮೇಲೆ ಹೊತ್ತು ತಂದರು. ಜಾರುಬಂಡೆಯ ಬುಡದಲ್ಲಿ ಬಿದ್ದಿದ್ದ. ಕಾಲಿನಲ್ಲಿ ಒಂದೇ ಮೆಟ್ಟು ಇತ್ತು. ಪಡಸಾಲೆಯಲ್ಲಿ ಮಲಗಿಸಿದಾಗ ಅವನ ಕಾಲು ಹೊಸಿಲು ದಾಟಿ ಹೊರಗೆ ಚಾಚಿತ್ತು. ಮಾರನೆಯ ದಿನ ತೋಟದ ಮೂಲೆಯಲ್ಲಿ ಮಣ್ಣು ಮಾಡಿದರು. ಅವನು ಆ ಹೊತ್ತಿನಲ್ಲಿ ಯಾಕೆ ಇಳಿದ ಎಂದು ಬಂದವರೆಲ್ಲ ಕೇಳಿದರು. ಮಣ್ಣು ಮಾಡಿ ಬಂದವರಿಗೆ ಸ್ನಾನಕ್ಕೆ ನೀರು ಕಾಯಿಸಲು ಅಜ್ಜಿ ಹಂಡೆ ಒಲೆಯ ಬೂದಿ ಕೆದಕಿದಾಗ ಅರ್ಧ ಸುಟ್ಟ, ನೆನೆದ ಹಸಿ ಗರಿ ಹೊರಬಂತು. ನಾನು ಬಾಗಿಲ ಬಳಿ ನಿಂತಿದ್ದೆ. ಅವಳು ಆ ಗರಿಯನ್ನು ನೋಡಿದಳು, ಬೋಳಾದ ಸಸಿಯನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಗರಿಯನ್ನು ಒಲೆಯ ಒಳಕ್ಕೆ ತಳ್ಳಿ ಅದರ ಮೇಲೆ ಒಣ ಮಟ್ಟೆ ಒಟ್ಟಿ ಬೆಂಕಿ ಹಚ್ಚಿದಳು. ಬಾಯಾರಿ ನೀರಿಗೆ ಬಂದಿರಬೇಕು ಎಂದು ಕೇಳಿದವರಿಗೆಲ್ಲ ಹೇಳಿದಳು. ಬದುಕಿದ್ದ ಅಷ್ಟು ವರ್ಷದಲ್ಲಿ ಆ ವಿಷಯ ಒಂದು ದಿನವೂ ಎತ್ತಲಿಲ್ಲ. ಆ ಸಸಿಯನ್ನು ಮಾತ್ರ ಮರುವಾರವೇ ಬೇರುಸಹಿತ ಕೀಳಿಸಿದಳು.

ಚಿಕ್ಕಮ್ಮ ಇನ್ನು ತವರಿಗೆ ಹೋಗುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದರು. ಅವಳ ಅಪ್ಪ ಗಾಡಿ ಕಟ್ಟಿಕೊಂಡು ಕರೆಯಲು ಬಂದ. ಅವಳು ಹೋಗಲಿಲ್ಲ. ಆಮೇಲೆ ಅವಳು ತವರಿಗೆ ಕಾಲಿಡಲೇ ಇಲ್ಲ, ಹಬ್ಬಕ್ಕೂ ಇಲ್ಲ, ಸಾವಿಗೂ ಇಲ್ಲ. ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು, ಎಲ್ಲರಿಗಿಂತ ಕೊನೆಗೆ ಉಂಡು, ಮಧ್ಯಾಹ್ನದ ಎಡೆ ಇಡುತ್ತ ಇದ್ದುಬಿಟ್ಟಳು. ಅಟ್ಟದಲ್ಲಿ ಕಾಯಿ ಟಕ್ ಎಂದರೆ ಈಗ ಸಮಾಧಾನ ಹೇಳುವವರು ಇರಲಿಲ್ಲ. ನಾವಿಬ್ಬರೂ ಚಾಪೆಯ ಮೇಲೆ ಕಣ್ಣು ಬಿಟ್ಟುಕೊಂಡು ಮಲಗಿ ಇನ್ನೊಂದಕ್ಕೆ ಕಾಯುತ್ತಿದ್ದೆವು. ನನಗೆ ಅದು ಪ್ರತಿ ಸಲವೂ ಅವನ ಮಾತೇ ಅನಿಸುತ್ತಿತ್ತು, ನನ್ನ ಹೆಸರೇ ಹೇಳುತ್ತಾನೆ ಅನಿಸುತ್ತಿತ್ತು. ಆ ಮನೆಯಲ್ಲಿ ನಾನು ಕಲಿತದ್ದು ಬಾಯಿ ಮುಚ್ಚಿಕೊಂಡಿರುವುದನ್ನು. ಜನ ನನ್ನನ್ನು ಗಂಭೀರ ಸ್ವಭಾವದವಳು ಎಂದು ಹೊಗಳಿದ್ದಾರೆ, ಶಾಲೆಯಲ್ಲಿ ಅದಕ್ಕೆ ಬಹುಮಾನವೂ ಸಿಕ್ಕಿದೆ.

ಅವಳು ಯಾಕೆ ಹೋಗಲಿಲ್ಲ ಎಂದು ನನಗೆ ಗೊತ್ತಾದದ್ದು ನನ್ನ ಮದುವೆಯ ಹಿಂದಿನ ದಿನ. ರಾತ್ರಿ ಪಕ್ಕದಲ್ಲಿ ಮಲಗಿ ನನ್ನ ಕೈ ಹಿಡಿದುಕೊಂಡು ಅವಳೇ ಹೇಳಿದಳು.

"ಜಗಳ ಆಯ್ತು ಅಂತ ಯಾವತ್ತೂ ಮನೆ ಬುಟ್ಟು ಹೊರಡ್ಬ್ಯಾಡ ಕಣೇ. ಆವತ್ತು ನಾನು ರಸ್ತೆ ಕಡೆ ಹೊಂಟಿದ್ದು ಮೇಲಿಂದ ಅವ್ರಿಗೆ ಕಾಣ್ತು. ಕೆಂಪು ಸೀರೆ ನೋಡು, ಕಾಣ್ದೆ ಇರ್ತದಾ? ನನ್ನ ತಡಿಯಕೆ ಅಂತ ಬಂದ್ರು. ನಾನೇ ಕೊಂದಂಗಾಯ್ತು."

ಆಗ ಹೇಳಬಹುದಿತ್ತು. ನನ್ನ ಕೈ ಅವಳ ಕೈಯೊಳಗೇ ಇತ್ತು. ಹೇಳಲಿಲ್ಲ. ಹೇಳಿದರೆ ಅವಳು ನನ್ನ ಕೈ ಬಿಡುತ್ತಾಳೆ ಎಂಬ ಭಯ, ಅದಕ್ಕಿಂತ ದೊಡ್ಡ ಕಾರಣ ಯಾವುದೂ ಇರಲಿಲ್ಲ. ಆಮೇಲೆ ನಾನು ತಿಪಟೂರಿನಲ್ಲಿ ಭೂಗೋಳ ಕಲಿಸುವ ಮೇಡಂ ಆದೆ. ತರಬೇತಿಯಲ್ಲಿ ಒಮ್ಮೆ ನಮ್ಮ ಕಡೆಯ ಸರ್ವೆ ನಕ್ಷೆಯೇ ಕೈಗೆ ಬಂತು. ಬೆಟ್ಟದ ಎತ್ತರ ತಗ್ಗುಗಳನ್ನು ಓದಲು ಅದೇ ವಾರ ಕಲಿತಿದ್ದೆ. ಬತೇರಿಯಿಂದ ರಸ್ತೆಗೆ ಪೆನ್ಸಿಲ್ಲಿನಲ್ಲಿ ಒಂದು ಗೆರೆ ಎಳೆದೆ. ನಡುವೆ ಬೆಟ್ಟದ ಹೆಗಲು ಅಡ್ಡ ಬಂದಿತ್ತು. ಅಲ್ಲಿಂದ ರಸ್ತೆ ಕಾಣುವುದು ಸಾಧ್ಯವೇ ಇರಲಿಲ್ಲ. ನಾನು ಗೆರೆಯನ್ನು ರಬ್ಬರಿನಿಂದ ಅಳಿಸಿ ನಕ್ಷೆಯನ್ನು ಸುತ್ತಿಟ್ಟೆ. ಮೂವತ್ತು ಚಿಲ್ಲರೆ ವರ್ಷ ಮಕ್ಕಳಿಗೆ ನಕ್ಷೆ ಓದಲು ಕಲಿಸಿದೆ, ನನ್ನೂರಿನ ಬೆಟ್ಟ ಒಂದನ್ನು ಬಿಟ್ಟು.

ಮನೆ ಈಗಲೂ ತುಂಬಿದೆ. ನನ್ನ ತಮ್ಮ ಕೊಬ್ಬರಿ ವ್ಯಾಪಾರ ನೋಡಿಕೊಳ್ಳುತ್ತಾನೆ, ಅವನ ಹೆಂಡತಿ ಶೋಭಾ ಮನೆ ಆಳುತ್ತಾಳೆ. ಅಡುಗೆ ಗ್ಯಾಸಿನಲ್ಲಿ, ಸ್ನಾನದ ನೀರು ಸೋಲಾರಿನಲ್ಲಿ. ಅಟ್ಟ ಮಾತ್ರ ಹಾಗೇ ಇದೆ, ಎಡೆಯೂ. ಚಿಕ್ಕಮ್ಮನಿಗೆ ಎಂಬತ್ತು ದಾಟಿದೆ. ಈಚೆಗೆ ಬೆಟ್ಟಕ್ಕೆ ಜೀಪು ಹೋಗುವ ದಾರಿ ಆಗಿದೆ, ಬತೇರಿಗೆ ಕಬ್ಬಿಣದ ಕಟಕಟೆ, ಬಾಗಿಲಿಗೆ ಬೀಗ, ವೀಕ್ಷಣಾ ಗೋಪುರ ಎಂದು ಬರೆದ ಬೋರ್ಡು ಬಂದಿವೆ. ಹೋದ ತಿಂಗಳು ನಾನು ಊರಿಗೆ ಹೋದಾಗ ಚಿಕ್ಕಮ್ಮ ಎಲೆ ಅಡಿಕೆ ಹಾಕಿಕೊಳ್ಳುತ್ತ ಇದ್ದಕ್ಕಿದ್ದಂತೆ ಕೇಳಿದಳು.

"ಜೀಪು ಬತೇರಿ ತನಕ ಹೋಗ್ತದಂತಲ್ಲ. ನನ್ನ ಒಂದ್ಸಲ ಕರ್ಕಂಡೋಗು."

"ಅಲ್ಲೇನೈತೆ ಚಿಕ್ಕಮ್ಮ ನೋಡಕೆ? ಬರೀ ಕಲ್ಲು."

"ರಸ್ತೆ ಎಷ್ಟು ಕಾಣ್ತದೆ ಅಂತ ನೋಡ್ಬೇಕು ಕಣೇ. ನಾನು ಎಲ್ಲಿಗಂಟ ಹೋದಾಗ ಅವ್ರು ನೋಡಿರ್ಬೌದು ಅಂತ."

ನನಗೆ ತಪ್ಪಿಸಲು ನೂರು ನೆಪ ಇದ್ದವು. ಮಂಡಿ ನೋವು ಎಂದೆ, ಬಿಸಿಲು ಎಂದೆ. ಅವಳು ಎಲ್ಲಕ್ಕೂ ಹೂಂ ಅಂದು, ಮಾರನೆಯ ಬೆಳಗ್ಗೆ ಚಪ್ಪಲಿ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದಳು. ತಮ್ಮ ಜೀಪು ತೆಗೆದ.

ಜೀಪು ನಿಂತ ಕಡೆಯಿಂದ ಇನ್ನೂ ನಲವತ್ತು ಐವತ್ತು ಮೆಟ್ಟಿಲು. ಕಾವಲಿಗಿದ್ದವಳು ಮಂಜುಳಾ ಎಂಬ ಖಾಕಿ ತೊಟ್ಟ ಹುಡುಗಿ. ಬೀಗ ತೆಗೆದು, ಚಿಕ್ಕಮ್ಮನ ಒಂದು ತೋಳು ತಾನೇ ಹಿಡಿದುಕೊಂಡಳು. ತಮ್ಮ ಫೋನು ಬಂತೆಂದು ಕೆಳಗೇ ಉಳಿದ. ಬತೇರಿಯ ಒಳಗೆ ಗೋಡೆಯ ದಪ್ಪದಲ್ಲೇ ಸುತ್ತಿ ಹತ್ತುವ ಮೆಟ್ಟಿಲು. ಹೊರಗೆ ಉರಿಬಿಸಿಲಿದ್ದರೂ ಅಲ್ಲಿ ಕಲ್ಲು ತಣ್ಣಗಿತ್ತು, ಬಾವಲಿಯ ವಾಸನೆ. ಒಂದು ತಿರುವಿನಲ್ಲಿ ಚಿಕ್ಕಮ್ಮ ನಿಂತು ತಲೆಯ ಮೇಲಿನ ಕಲ್ಲನ್ನು ಸವರಿದಳು.

"ಇಲ್ಲಿ ಅವ್ರು ಬಗ್ಗಿರ್ಬೇಕು" ಎಂದಳು.

ನಮ್ಮ ಮುಂದೆ ಯಾರೋ ಉದ್ದನೆಯವರು ಬಗ್ಗಿಕೊಂಡು ಹತ್ತುತ್ತಿದ್ದಾರೆ, ತಿರುವು ಕಳೆದರೆ ಬೆನ್ನು ಕಾಣುತ್ತದೆ ಎಂದು ನನಗೆ ನಿಜವಾಗಿ ಅನಿಸಿತು. ತಿರುವಿನಾಚೆ ಯಾರೂ ಇರಲಿಲ್ಲ.

ಮೇಲೆ ನಾಲ್ಕು ದಿಕ್ಕಿಗೆ ನಾಲ್ಕು ಕಿಂಡಿ. ಕೆರೆ ಎಲ್ಲಿದೆ ಎಂದು ಕೇಳಿ ಚಿಕ್ಕಮ್ಮ ನೇರ ಆ ದಿಕ್ಕಿನ ಕಿಂಡಿಗೆ ಹೋದಳು. ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು.

"ರಸ್ತೆ ಎಲ್ಲವ್ವಾ?"

"ಈ ಕಡೆಯಿಂದ ರಸ್ತೆ ಕಾಣಲ್ಲ ಅಜ್ಜಿ. ಗುಡ್ಡ ಅಡ್ಡ ಐತಲ್ಲ" ಎಂದಳು ಮಂಜುಳಾ.

"ಈಗ ಮರ ಬೆಳ್ದಾವೆ. ಮೊದ್ಲು ಕಾಣ್ತಿತ್ತೇನೋ."

"ಮರ ಅಲ್ಲ ಅಜ್ಜಿ, ಅದು ಬಂಡೆ. ಮರ ಎಲ್ಲಾ ಕಡಿದ್ರೂ ಕಾಣಲ್ಲ. ಕೆರೆ ಏರಿನೂ ಕಾಣಲ್ಲ, ತೋಟದ ದಾರಿನೂ ಕಾಣಲ್ಲ."

ಮಂಜುಳಾಗೆ ಕೆಳಗಿನಿಂದ ಯಾರೋ ಕೂಗಿದರು, ಅವಳು ಇಳಿದು ಹೋದಳು. ಚಿಕ್ಕಮ್ಮ ಒಂದೊಂದೇ ಕಿಂಡಿಯ ಕಲ್ಲನ್ನು ಮುಟ್ಟಿ ನೋಡುತ್ತ ಬಂದಳು. ಮೂರು ಕಿಂಡಿಗಳ ಕಲ್ಲು ಒರಟು. ನಾಲ್ಕನೆಯದರ ಅಂಚು ಮಾತ್ರ ಯಾರೋ ಕೂತು ಕೂತು ಸವೆಸಿದಂತೆ ನುಣ್ಣಗಿತ್ತು. ಅವಳು ಅದರ ಮೇಲೆ ಕೂತಳು. ನಾನು ಅವಳ ಹಿಂದೆ ನಿಂತು ಹೊರಗೆ ನೋಡಿದೆ. ಕೆಳಗೆ ನಮ್ಮ ಮನೆಯ ಹಿತ್ತಿಲು, ಗಿಡ್ಡ ಗೋಡೆ, ಹಳೆಯ ಹಂಡೆ ಒಲೆಯ ಕಲ್ಲುಗಳು. ಕೂಗಿದರೆ ಕೇಳದಷ್ಟು ದೂರ, ನೋಡಿದರೆ ಗುರುತು ಸಿಗುವಷ್ಟು ಹತ್ತಿರ. ನಾವು ನೋಡುತ್ತಿದ್ದ ಹಾಗೆ ಹಿತ್ತಿಲ ಬಾಗಿಲು ತೆರೆದು ಒಂದು ಹೆಂಗಸು ಹೊರಬಂತು. ತಲೆಗೆ ಬಿಳಿ ಟವೆಲು. ಗೋಡೆಗೆ ಒರಗಿ ಕೂದಲು ಒಣಗಿಸಿಕೊಳ್ಳಲು ನಿಂತಿತು.

"ಶೋಭ ತಲೆಗೆ ನೀರಾಕ್ಕಂಡವ್ಳೆ" ಎಂದಳು ಚಿಕ್ಕಮ್ಮ.

ಆಮೇಲೆ ನನ್ನ ಕಡೆ ತಿರುಗದೆಯೇ ಕೇಳಿದಳು.

"ರಸ್ತೆ ಕಾಣಲ್ಲ. ನಾನು ಕಾಣ್ಲಿಲ್ಲ. ಅಂಗಾರೆ ಯಾಕೆ ಬಂದ್ರು?"

ನಾನು ಹೇಳಿದೆ. ಕಾಯಿಯ ಹೋಳಿನಿಂದ ಹಿಡಿದು, ಸಸಿಯ ಗರಿ, ಹೊಗೆ, ಚೊಂಬು, ಅಜ್ಜಿ ಒಲೆಗೆ ತಳ್ಳಿದ್ದು, ಕೊನೆಗೆ ನಕ್ಷೆಯ ಮೇಲೆ ಎಳೆದು ಅಳಿಸಿದ ಗೆರೆಯ ತನಕ. ಅವಳು ಹಿತ್ತಿಲನ್ನೇ ನೋಡುತ್ತ ಕೇಳಿಸಿಕೊಂಡಳು.

"ಆವತ್ತು ಜಗಲಿ ಮೇಲೆ ಕೂತಾಗ ಹಸಿ ಹೊಗೆ ವಾಸ್ನೆ ಬಂದಿತ್ತು. ನೀರೊಲೆ ಸರ್ಯಾಗಿ ಉರೀತಿಲ್ಲ ಅನ್ಕಂಡೆ" ಎಂದಳು. "ಯಾಕೆ ಹೇಳ್ಲಿಲ್ಲ ನೀನು ಇಷ್ಟು ವರ್ಷ?"

"ನೀನು ನನ್ನ ಬುಟ್ಟು ಹೋಗ್ತೀಯ ಅಂತ."

"ನಮ್ಮಪ್ಪ ಸಾಯೋವಾಗ ಮೂರು ಸಲ ಹೇಳಿ ಕಳ್ಸಿದ್ದ. ನಾನು ಹೋಗ್ಲಿಲ್ಲ. ಗಂಡನ್ನ ಕೊಂದೋಳಿಗೆ ತವರು ಯಾಕೆ ಅಂತ ಕೂತ್ಕಂಡೆ."

ಅಷ್ಟೇ ಹೇಳಿದಳು. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ನಾನು ಅವಳ ಪಾದದ ಹತ್ತಿರ ಕಲ್ಲಿನ ಮೇಲೆ ಕೂತು ಅತ್ತೆ. ಅರವತ್ತೈದು ದಾಟಿದವಳು ಹಾಗೆ ಅಳುವುದು ನೋಡಲು ಚೆನ್ನಾಗಿರುವುದಿಲ್ಲ, ಪುಣ್ಯಕ್ಕೆ ಅಲ್ಲಿ ಬೇರೆ ಯಾರೂ ಇರಲಿಲ್ಲ. ಕೆಳಗೆ ಶೋಭಾ ಕೂದಲು ಕೊಡವಿ, ಗಂಟು ಹಾಕಿ, ಒಳಗೆ ಹೋದಳು. ಹಿತ್ತಿಲು ಖಾಲಿಯಾಯಿತು. ಚಿಕ್ಕಮ್ಮ ಆ ಖಾಲಿ ಜಾಗವನ್ನು ನೋಡುತ್ತಲೇ ಮಾತಾಡಿದಳು.

"ಒಲೆ ಹತ್ರ ನೀನೊಬ್ಳೇ ನಿಂತಿದ್ದೇನೇ?"

"ಹೂಂ."

"ಅತ್ತೆ ಇರ್ಲಿಲ್ಲ?"

"ಇಲ್ಲ. ನಾನೊಬ್ಳೇ. ಕೈ ಆಡಿಸ್ತಾ ನಿಂತಿದ್ದೆ."

"ಅಂಗಾರೆ ಅವ್ರಿಗೆ ನೀನೇ ಕಂಡಿದೀಯ. ಅತ್ತೆ ಹಾಕಿದ ಹೊಗೆ ಅಲ್ಲ ಅಂತ ಗೊತ್ತಾಗೈತೆ. ಗೊತ್ತಾಗೂ ಬಂದವ್ರೆ. ಮಗು ಒಂದೇ ನಿಂತೈತೆ, ಮನೇಲಿ ದೊಡ್ಡೋರು ಯಾರಿಗೋ ಏನೋ ಆಗೈತೆ ಅಂತ ಬಿದ್ದಂಬೀಳ ಬಂದವ್ರೆ."

ಇದು ನನಗೆ ಎಂದೂ ಹೊಳೆದಿರಲಿಲ್ಲ. ಇಷ್ಟು ವರ್ಷ ನಾನು ಹೊಗೆಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿದ್ದೆ. ಹೊಗೆ ಅವನಿಗೆ ಮೋಸ ಮಾಡಿತು, ಅಜ್ಜಿ ಕರೆದಳೆಂದು ಬಂದು ಸತ್ತ ಎಂದೇ ನಂಬಿದ್ದೆ. ನಕ್ಷೆಯಲ್ಲಿ ರಸ್ತೆ ಕಾಣುವುದಿಲ್ಲ ಎಂದು ಓದಿದವಳು, ಹಿತ್ತಿಲು ಇಷ್ಟು ಚೆನ್ನಾಗಿ ಕಾಣುತ್ತದೆ ಎಂದು ಓದಿರಲಿಲ್ಲ. ಮೇಲಿಂದ ಎಲ್ಲಾ ಕಾಣ್ತದೆ ಎಂದು ಅವನು ದಿನವೂ ಹೇಳುತ್ತಿದ್ದದ್ದು ಸುಳ್ಳಾಗಿರಲಿಲ್ಲ. ಅವನು ಇದೇ ನುಣ್ಣಗಿನ ಕಲ್ಲಿನ ಮೇಲೆ ಕೂತು, ಲಂಗ ತೊಟ್ಟ ನನ್ನನ್ನು, ಎತ್ತಿದ ನನ್ನ ಎರಡು ಕೈಗಳನ್ನು ಕಂಡಿದ್ದ. ನಾನು ಒಳಗೆ ಓಡಿದ್ದನ್ನು ಕಂಡಿದ್ದ. ಹೊಗೆ ನಿಲ್ಲುವ ಹೊತ್ತಿಗಾಗಲೇ ಎದ್ದು ಹೊರಟಿರಬೇಕು.

ಇಳಿಯುವಾಗ ಚಿಕ್ಕಮ್ಮ ನನ್ನ ತೋಳು ಹಿಡಿಯಲಿಲ್ಲ, ಮಂಜುಳಾಳ ತೋಳು ಹಿಡಿದಳು. ಜೀಪಿನಲ್ಲಿ ಮುಂದೆ ಕೂತಳು. ಜಾರುಬಂಡೆ ಬಂದಾಗ ತಮ್ಮ ತಾನೇ ಗಾಡಿ ನಿಧಾನ ಮಾಡಿದ; ಅವಳು ನಿಲ್ಲಿಸಬೇಡ ಎಂದು ಕೈಯಲ್ಲೇ ಹೇಳಿದಳು. ಮನೆಗೆ ಬರುವಷ್ಟರಲ್ಲಿ ಊಟದ ಹೊತ್ತಾಗಿತ್ತು. ಶೋಭಾ ಮುದ್ದೆ ಕಟ್ಟಿ ಮುಗಿಸಿದ್ದಳು, ಹುರುಳಿ ಸಾರು. ಎಲ್ಲರೂ ಕೂತೆವು. ಅಟ್ಟದಲ್ಲಿ ಒಂದು ಕಾಯಿ ಟಕ್ ಎಂದಿತು. ಬೇರೆ ಯಾರೂ ಗಮನಿಸಲಿಲ್ಲ, ನಾವಿಬ್ಬರೂ ಮಾತ್ರ ತಲೆ ಎತ್ತಿದೆವು. ಚಿಕ್ಕಮ್ಮ ಎಂದಿನಂತೆ ಮುದ್ದೆಯ ಚೂರು ಮುರಿದು, ಎಲೆಯ ಮೇಲಿಟ್ಟು, ಸಾರು ಬಿಟ್ಟಳು. ಎದ್ದು ಹಿತ್ತಿಲ ಬಾಗಿಲ ತನಕ ಹೋದವಳು ಅಲ್ಲೇ ನಿಂತು ಹಿಂದಿರುಗಿ ನೋಡಿದಳು.

"ಗಿರಿಜಿ, ಬಾ ಇಲ್ಲಿ. ಇಗಾ, ಇನ್ಮೇಲೆ ಬಂದಾಗೆಲ್ಲಾ ನೀನೇ ಇಡು."

ಶೋಭಾ ಕೈಯಲ್ಲಿ ಸೌಟು ಹಿಡಿದವಳು ಹಾಗೇ ನಿಂತಳು. ಅವಳು ಸೊಸೆಯಾಗಿ ಬಂದ ಇಷ್ಟು ವರ್ಷದಲ್ಲಿ ಒಮ್ಮೆಯೂ ಆ ಎಲೆಯನ್ನು ಮುಟ್ಟಿದವಳಲ್ಲ. ನಾನು ಎರಡೂ ಕೈಯಲ್ಲಿ ಎಲೆ ಹಿಡಿದು ಗೋಡೆಯ ತನಕ ಹೋದೆ. ಸಾರು ತುಳುಕಿ ಬೆರಳ ಮೇಲೆ ಹರಿಯಿತು. ಎಡೆ ಇಟ್ಟು, ಬಗ್ಗಿಸಿದ ತಲೆ ಬಗ್ಗಿಸಿಕೊಂಡೇ ನಿಂತೆ. ಆ ಕಿಂಡಿ ನನ್ನ ನೆತ್ತಿಯ ಮೇಲೆ ಇದೆ ಎಂದು ಗೊತ್ತಿತ್ತು. ಹಿಂದಿನಿಂದ ಚಿಕ್ಕಮ್ಮನ ದನಿ ಬಂತು.

"ತಲೆ ಎತ್ತು ಕಣೇ. ಅವ್ರಿಗೆ ಕಾಣ್ಲಿ."

ನಾನು ತಲೆ ಎತ್ತಿದೆ.